ಚಪ್ಪಲಿಯ ಅಡಿ ನೋಡುವ ಸಿದ್ದಕ್ಕ

ಗೋಲ್ಡನ್ ಪೆಟಲ್ಸ್ ಅಂತ ಅದರ ಹೆಸರು. ಮರೆವಿನ ಕಾಯಿಲೆ ಬಂದ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್. ಅದರ ಮ್ಯಾನೇಜರ್ ಶೈಲಾ ಮೇಡಂ ಅಪ್ಪನಿಗೂ ನನಗೂ ಮ್ಯೂಸಿಕ್ ಥೆರಪಿ ರೂಮು ತೋರಿಸುತ್ತಿದ್ದರು. ನಮ್ಮ ಜೊತೆ ಬಂದಿದ್ದ ಸಿದ್ದಕ್ಕ ಮಾತ್ರ ಎಲ್ಲೂ ಕಾಣಲಿಲ್ಲ. ಹಿಂದೆ ತಿರುಗಿ ನೋಡಿದರೆ ಪಕ್ಕದ ವಾರ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮಂಚದ ಕೆಳಗಿಂದ ಯಾರದೋ ಚಪ್ಪಲಿ ಎಳೆದು, ತಲೆಕೆಳಗು ಮಾಡಿ, ಅದರ ಅಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನೋಡಿ ಇಟ್ಟಳು. ಮುಂದಿನ ಮಂಚಕ್ಕೆ ಹೋಗಿ ಇನ್ನೊಂದು ಜೊತೆ ಎತ್ತಿದಳು.

"ಏನ್ರೀ ಅದು? ಏನ್ ಮಾಡ್ತಿದೀರಾ?" ಶೈಲಾ ಮೇಡಂ ಧ್ವನಿ ಒಂದೇ ಸಲಕ್ಕೆ ಬದಲಾಯಿತು.

"ಚಪ್ಪಲಿ ನೋಡಾಕತ್ತೀನ್ರಿ."

"ಸಾರ್, ಕೆಲಸದವ್ರು ಹೊರಗಡೆ ವೆಯ್ಟ್ ಮಾಡ್ಲಿ. ಇನ್ಫೆಕ್ಷನ್ ಕಂಟ್ರೋಲ್ ಇರುತ್ತೆ ನಮ್ದು."

ಇದನ್ನು ಅವರು ಹೇಳಿದ್ದು ಸಿದ್ದಕ್ಕನಿಗಲ್ಲ, ಅಪ್ಪನಿಗೆ. ಅಪ್ಪ ಏನು ಮಾಡಬೇಕಿತ್ತು? "ಅವ್ರು ಕೆಲಸದವ್ರಲ್ಲ, ನಮ್ ಜೊತೆ ನೋಡೋಕೆ ಬಂದಿರೋರು" ಅನ್ನಬೇಕಿತ್ತು. "ಸಿದ್ದಕ್ಕ, ಸ್ವಲ್ಪ ಹೊರಗಡೆ ಇರಿ" ಅಂದರು. ಈಗ ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ನಾನೂ ಹೊರಗೆ ಹೋದೆ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಸಿದ್ದಕ್ಕನಿಗೆ ಅವಮಾನವಾದ ಹಾಗೇ ಕಾಣಲಿಲ್ಲ. ಅವಳ ತಲೆಯಲ್ಲಿ ಬೇರೇನೋ ಓಡುತ್ತಿತ್ತು.

"ಐದು ಜೋಡಿ ನೋಡಿದೆ ತಂಗಿ. ಐದೂ ಜೋಡಿ ಅಂಗಡ್ಯಾಗಿಂದ ಈಗ ತಂದಂಗ ಅದಾವ. ಅಡಿಗೆ ಒತ್ತಿರೋ ನಂಬರ್ ಸೈತ ಅಳಿಸಿಲ್ಲ. ಇವ್ರೆಲ್ಲಾ ಎರಡು ವರ್ಷದಿಂದ ಅದಾರ ಅಂದ್ಲಲ್ಲ ಆಕಿ? ಎರಡು ವರ್ಷದಾಗ ಈ ಮಂದಿ ಕಾಲು ನೆಲಕ್ಕ ಹತ್ತೇ ಇಲ್ಲ."

ನನ್ನ ಫೋನಿನಲ್ಲಿ ಮೂವತ್ತೆರಡು ಅಂಶಗಳ ಚೆಕ್‌ಲಿಸ್ಟ್ ಇತ್ತು. ಸಿಸಿಟಿವಿ, ಫಿಸಿಯೋಥೆರಪಿ, ಆ್ಯಂಬುಲೆನ್ಸ್, ಗೂಗಲ್ ರೇಟಿಂಗ್, ಊಟದ ಮೆನು, ಎಲ್ಲ. ಎರಡು ರಾತ್ರಿ ಕೂತು ಇಂಟರ್ನೆಟ್ಟಿನಿಂದ ಹೆಕ್ಕಿದ್ದು. ಅದರಲ್ಲಿ ಎಲ್ಲೂ ಚಪ್ಪಲಿ ಇರಲಿಲ್ಲ. ಆ ಕ್ಷಣಕ್ಕೆ ನಾನು ಸಿದ್ದಕ್ಕನ ಅಭಿಮಾನಿಯಾದೆ. ಇದು ಅವಳ ಕತೆ.

ಸಿದ್ದಕ್ಕ ನಮ್ಮ ಬಾಡಿಗೆದಾರಳು. ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಹಿಂದೆ, ನಮ್ಮ ಮನೆಯ ಪಕ್ಕಕ್ಕೆ ತಾತ ಕಟ್ಟಿಸಿದ ಎಂಟು ರೂಮುಗಳ ಸಾಲಿನಲ್ಲಿ ಮೂರನೆಯದು ಅವಳದು. ಊರು ಕುಷ್ಟಗಿ ಕಡೆ. ಹನ್ನೆರಡು ವರ್ಷದ ಹಿಂದೆ ಗಂಡ ಹಣಮಂತನ ಜೊತೆ ಕಟ್ಟಡದ ಕೆಲಸಕ್ಕೆ ಬಂದಳು. ಅವನು ಕಬ್ಬಿಣ ಕಟ್ಟುವುದು, ಇವಳು ತಲೆಯ ಮೇಲೆ ಕಾಂಕ್ರೀಟ್ ಬಾಣಲಿ ಹೊರುವುದು. ಎರಡನೇ ವರ್ಷ ಸಾರುವೆಯಿಂದ ಬಿದ್ದು ಹೆಗಲ ಮೂಳೆ ಮುರಿಯಿತು. ಭಾರ ಹೊರುವುದು ನಿಂತುಹೋಯಿತು. ಆಗ ಸೈಟಿನ ಎಂಜಿನಿಯರ್ ಒಬ್ಬರು ಜಾಲಹಳ್ಳಿಯ ತಮ್ಮ ತಾಯಿಯನ್ನು ನೋಡಿಕೊಳ್ಳಲು ಕರೆದರಂತೆ. ಆ ಅಜ್ಜಿಗೆ ಎಲ್ಲ ಮರೆತುಹೋಗಿತ್ತು. ಸಿದ್ದಕ್ಕನನ್ನು ತನ್ನ ಸತ್ತುಹೋದ ತಂಗಿ ಪದ್ದು ಅಂದುಕೊಂಡಿತ್ತು. ಮೂರು ವರ್ಷ ಸಿದ್ದಕ್ಕ ಪದ್ದುವಾಗಿಯೇ ಇದ್ದಳು.

"ಮತ್ತ? ನಾ ಸಿದ್ದಕ್ಕ ಅಂತ ದಿನಾ ಹೇಳಿದ್ರ ದಿನಾ ಆಕಿ ತಂಗಿ ಸತ್ತಂಗ ಆಗತಿತ್ತು. ಕರೆದಾಗ 'ಏನಕ್ಕ' ಅಂದ್ರ ಮುಗೀತು."

ಇದನ್ನು ಅವಳಿಗೆ ಯಾವ ಕೋರ್ಸೂ ಹೇಳಿಕೊಟ್ಟಿರಲಿಲ್ಲ. ಆ ಅಜ್ಜಿ ತೀರಿಕೊಂಡ ಮೇಲೆ ಒಂದು ಏಜೆನ್ಸಿ ಸೇರಿ, ಏಳು ವರ್ಷದಲ್ಲಿ ನಾಲ್ಕು ಕೇರ್ ಹೋಮುಗಳಲ್ಲಿ ದುಡಿದಳು. ನಾಲ್ಕನೆಯದರಲ್ಲಿ ಒಬ್ಬ ಮುದುಕರ ಬೆನ್ನಿನ ಹುಣ್ಣು ಮೂಳೆ ಕಾಣುವಷ್ಟು ಆಳವಾಗಿತ್ತು. ಭೇಟಿಗೆ ಬಂದ ಮಗಳಿಗೆ ಯಾರೂ ಹೇಳಿರಲಿಲ್ಲ. "ಅಕ್ಕಾರ, ನಿಮ್ಮಪ್ಪನ ಅಂಗಿ ಎತ್ತಿ ನೋಡ್ರಿ" ಎಂದು ಸಿದ್ದಕ್ಕ ಹೇಳಿದಳು. ಅಷ್ಟೇ. ಮಾರನೇ ದಿನ 'ಬಾಯಿ ಜಾಸ್ತಿ' ಎಂದು ಏಜೆನ್ಸಿ ಅವಳ ಹೆಸರನ್ನು ತೆಗೆದುಹಾಕಿತು. ಹುಣ್ಣು ಮಾಡಿದವರ ಕೆಲಸ ಹೋಗಲಿಲ್ಲ, ಹುಣ್ಣು ತೋರಿಸಿದವಳದು ಹೋಯಿತು! ಈಗ ಅವಳು ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಬಾಟಲಿ ಮುಚ್ಚಳಗಳನ್ನು ಎಣಿಸಿ ಪೊಟ್ಟಣಕ್ಕೆ ತುಂಬುತ್ತಾಳೆ.

ನಮಗೆ ಅವಳು ಬೇಕಾದದ್ದು ನಂಜಪ್ಪ ತಾತನಿಗಾಗಿ. ತಾತ ಇಪ್ಪತ್ತಾರು ವರ್ಷ ಪಂಚಾಯ್ತಿಯ ವಾಟರ್‌ಮ್ಯಾನ್ ಆಗಿದ್ದವರು. ಯಾವ ಬೀದಿಗೆ ಎಷ್ಟು ಹೊತ್ತಿಗೆ ಬೋರ್‌ವೆಲ್ ನೀರು ಬಿಡಬೇಕು ಅನ್ನುವುದು ಅವರ ಕೈಯಲ್ಲಿತ್ತು. ನಾಲ್ಕು ವರ್ಷದಿಂದ ಮರೆವಿನ ಕಾಯಿಲೆ. ನನ್ನ ಹೆಸರು ಹೋಯಿತು, ಅಪ್ಪನ ಹೆಸರು ಹೋಯಿತು, ನೀರು ಬಿಡುವುದು ಮಾತ್ರ ಉಳಿಯಿತು. ಕಂಡ ನಲ್ಲಿಯನ್ನೆಲ್ಲ ತಿರುಗಿಸುತ್ತಾರೆ. ಅಜ್ಜಿ ಲಕ್ಷ್ಮಮ್ಮ ಇದಕ್ಕೆ ಜಗಳವಾಡುವುದಿಲ್ಲ. ಟ್ಯಾಂಕಿನ ಮೇನ್ ವಾಲ್ವ್ ಮುಚ್ಚಿಬಿಡುತ್ತಾಳೆ. ತಾತ ಒಣ ನಲ್ಲಿಗಳನ್ನೆಲ್ಲ ತಿರುಗಿಸಿ, "ಮೇಲಿನ್ ಬೀದಿಗೆ ಬಿಟ್ಟಾಯ್ತು" ಎಂದು ಕೂರುತ್ತಾರೆ. ಆಗ ಅಜ್ಜಿ ಒಂದು ಚೊಂಬು ನೀರು ಕೊಡುತ್ತಾಳೆ.

ಆದರೆ ಅಜ್ಜಿಯ ಎರಡೂ ಮಂಡಿ ಸವೆದುಹೋಗಿವೆ. ಹದಿನೆಂಟನೇ ತಾರೀಕು ಆಪರೇಷನ್ ಎಂದು ನಿಗದಿಯಾಗಿತ್ತು, ಆಮೇಲೆ ಮೂರು ತಿಂಗಳು ಯಾರನ್ನೂ ಎತ್ತಿ ಕೂರಿಸುವ ಹಾಗಿಲ್ಲ. ಅಪ್ಪ ವಸಂತ್‌ಗೆ ಪೀಣ್ಯ ಎರಡನೇ ಹಂತದಲ್ಲಿ ಲೇತ್ ಶಾಪು. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ನನಗೆ ಕಾಲೇಜು. ಮೂರು ತಿಂಗಳ ಮಟ್ಟಿಗೆ ತಾತನನ್ನು ಎಲ್ಲಿ ಬಿಡುವುದು?

"ನೀನೇ ನೋಡ್ಕೋ ಸಿದ್ದಕ್ಕ. ಫ್ಯಾಕ್ಟ್ರಿ ಬುಟ್ಬುಡು. ಇಲ್ಲೇ ಇದ್ದೀಯ, ಎಲ್ಗೂ ಓಗದೇನ್ ಬೇಡ" ಎಂದಳು ಅಜ್ಜಿ.

ಸಿದ್ದಕ್ಕ ಒಪ್ಪಲಿಲ್ಲ. ಅದಕ್ಕೆ ಅವಳು ಕೊಟ್ಟ ಕಾರಣ ಇದು.

"ಹಗಲೂ ರಾತ್ರಿ ಒಬ್ಬಾಕೀನ ಮಾಡಿದ್ರ ಹದಿನೈದನೇ ದಿನಕ್ಕ ನಾ ಯಜ್ಜನ ಮ್ಯಾಲ ಕೈ ಎತ್ತತೀನಿ ಅಮ್ಮಾರ. ನಾ ಕಣ್ಣಾರೆ ಕಂಡೀನಿ. ಕೆಟ್ಟ ಮಂದಿ ಅಲ್ಲ, ಚೊಲೋ ಮಂದೀನ ಎತ್ತತಾರ. ನಿದ್ದಿ ಇಲ್ದ ಎತ್ತತಾರ. ಪಾಳಿ ಹಚ್ಚಿ ಮಾಡೋ ಜಾಗಾ ಬೇಕು. ಹುಡಕೂಣು, ನಾ ಬರ್ತೀನಿ ನೋಡಾಕ."

ಹೀಗೆ ಅವಳು ನಮ್ಮ ಜೊತೆ ಗೋಲ್ಡನ್ ಪೆಟಲ್ಸ್‌ಗೆ ಬಂದದ್ದು, ಬಂದು ಕಟ್ಟೆಯ ಮೇಲೆ ಕೂತದ್ದು.

ಮುಂದಿನ ಭಾನುವಾರ ಅವಳೇ ನಮ್ಮನ್ನು ಚಿಕ್ಕಬಾಣಾವರಕ್ಕೆ ಕರೆದೊಯ್ದಳು. ಫೋನ್ ಮಾಡಿ ಹೋಗೋಣ ಎಂದರೆ, "ಫೋನ್ ಮಾಡಿ ಹ್ವಾದ್ರ ಮನಿ ಕಾಣತೈತಿ, ಮಂದಿ ಕಾಣಂಗಿಲ್ಲ. ಉಣ್ಣೋ ಹೊತ್ತಿಗೆ ಹೋಗೂಣು" ಎಂದಳು. ರೈಲ್ವೆ ಸ್ಟೇಷನ್ನಿನ ಆಚೆ ಎರಡು ಹಳೇ ಮನೆಗಳ ನಡುವಿನ ಗೋಡೆ ಒಡೆದು ಒಂದು ಮಾಡಿದ್ದರು. ನಡೆಸುತ್ತಿದ್ದವರು ಚನ್ನಕ್ಕ, ಗದಗಿನವರು, ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಬಾಗಿಲಲ್ಲೇ ಸ್ವಲ್ಪ ಉಚ್ಚೆಯ ವಾಸನೆ. ಹರಿದ ಸೋಫಾ. ಹಿತ್ತಿಲಿನಲ್ಲಿ ನಾಲ್ಕು ಜನ ಅಜ್ಜ ಅಜ್ಜಿಯರು ಅವರೆಕಾಯಿ ಬಿಡಿಸುತ್ತಿದ್ದರು. ಕಾಳೆಲ್ಲ ಸಿಪ್ಪೆಯ ಬುಟ್ಟಿಗೆ, ಸಿಪ್ಪೆಯೆಲ್ಲ ಕಾಳಿನ ಪಾತ್ರೆಗೆ ಬೀಳುತ್ತಿತ್ತು. ಯಾರೂ ತಿದ್ದುತ್ತಿರಲಿಲ್ಲ. ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಅಜ್ಜಿ "ಬಸ್ ಹೋಗ್ಬಿಡುತ್ತೆ" ಎನ್ನುತ್ತ ಹಿತ್ತಿಲು ಸುತ್ತುತ್ತಿದ್ದರು. ಆರೈಕೆಯ ಹುಡುಗಿಯೊಬ್ಬಳು ಅವರ ಹಿಂದೆಯೇ, "ಇನ್ನೂ ಟೈಮ್ ಐತಜ್ಜಿ, ಬನ್ನಿ ಹೋಗಣ" ಎನ್ನುತ್ತ ಒಂದಿಷ್ಟೂ ಅವಸರವಿಲ್ಲದೆ ನಡೆಯುತ್ತಿದ್ದಳು.

ಸಿದ್ದಕ್ಕ ಬಾಗಿಲ ಬಳಿಯ ಚಪ್ಪಲಿಗಳನ್ನು ತಿರುಗಿಸಿದಳು. ಒಂದು ಜೊತೆಯ ಹಿಮ್ಮಡಿ ಸವೆದು ತೂತೇ ಬಿದ್ದಿತ್ತು. ಅದನ್ನು ನನ್ನ ಕಡೆ ಹಿಡಿದು ನಕ್ಕುಬಿಟ್ಟಳು.

"ಬೆಡ್ ಇದೆಯಾ ಮೇಡಂ?" ಅಪ್ಪ ಕೇಳಿದರು.

"ಬೆಡ್ ಐತಿ. ಮಂದಿ ಇಲ್ಲ" ಎಂದರು ಚನ್ನಕ್ಕ. "ಎಂಟು ಜನರಿಗೆ ನೋಡೋ ಮಂದಿ ಅದಾರ. ಒಂಬತ್ತನೇದವ್ರನ್ನ ತಗೊಂಡ್ರ ಎಂಟೂ ಜನರಿಗೆ ಕಡಿಮಿ ಬೀಳತೈತಿ. ಮಧ್ಯಾಹ್ನದ ಪಾಳಿಗೆ ಯಾರರೆ ಸಿಕ್ರ ಫೋನ್ ಮಾಡ್ತೀನ್ರಿ."

ಕಾರಿನಲ್ಲಿ ಅಪ್ಪ ಗೊಣಗಿದರು. "ವಾಸ್ನೆ ನೋಡಿದ್ಯಾ? ಸಿಸಿಟಿವಿ ಇಲ್ಲ. ಜೊತೆಗೆ ಬೆಡ್ ಖಾಲಿ ಇಟ್ಕೊಂಡು ಕೊಡಲ್ಲ ಅಂತಾರೆ. ಇದ್ಯಾವ ಸೀಮೆ ಹೋಮು?"

"ಅಣ್ಣಾರ, ಖಾಲಿ ಬೆಡ್ ತುಂಬಂಗಿಲ್ಲ ಅನ್ನೋ ಹೋಮ್ ನಾ ಇದ ಮೊದ್ಲ ನೋಡಿದ್ದು" ಎಂದಳು ಸಿದ್ದಕ್ಕ.

"ಸಿದ್ದಕ್ಕ, ನಮ್ಗೆ ಹದಿನೆಂಟಕ್ಕೆ ಆಪರೇಷನ್ನು. ಕಾಯ್ಕೊಂಡ್ ಕೂರೋಕಾಗುತ್ತಾ?"

ಐದನೇ ತಾರೀಕು ತಾತನನ್ನು ಗೋಲ್ಡನ್ ಪೆಟಲ್ಸ್‌ಗೆ ಸೇರಿಸಿದೆವು. ಲಾಬಿಯಲ್ಲಿ ಬುದ್ಧನ ತಲೆ, ಅದರ ಮೇಲೆ ಹಗಲೂ ರಾತ್ರಿ ನೀರು ಸುರಿಯುವ ಕಾರಂಜಿ. ಅದರ ಎದುರು ಕೂತು ನಾನೇ ಆರು ಪುಟದ ಇಂಗ್ಲಿಷ್ ಫಾರ್ಮ್ ತುಂಬಿದೆ. 'ತೊಂದರೆ ಕೊಡುವ ನಡವಳಿಕೆಗಳು' ಎಂಬ ಕಾಲಂನಲ್ಲಿ, ಸತ್ಯ ಬರೆಯಬೇಕಲ್ಲ ಎಂದು, 'ಸದಾ ನಲ್ಲಿ ತಿರುಗಿಸುತ್ತಾರೆ, ಓಡಾಡುತ್ತಿರುತ್ತಾರೆ' ಎಂದು ಬರೆದೆ. ಶೈಲಾ ಮೇಡಂ, "ಗುಡ್, ಕ್ಲಿಯರ್ ಆಗಿ ಬರ್ದಿದೀಯಾ" ಎಂದು ಹೊಗಳಿದರು. ಹದಿನೈದು ದಿನ ಮನೆಯವರು ಬರಬಾರದು ಅಂದರು, ಪೇಷೆಂಟ್ ಸೆಟ್ಲ್ ಆಗಬೇಕಂತೆ. ದಿನಾ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತೇವೆ ಅಂದರು.

"ಹದಿನೈದು ದಿನ ಯಾಕ?" ಸಂಜೆ ಫ್ಯಾಕ್ಟರಿಯಿಂದ ಬಂದ ಸಿದ್ದಕ್ಕ ನಮ್ಮ ಮೆಟ್ಟಿಲ ಬಳಿ ನಿಂತೇ ಕೇಳಿದಳು. "ಯಾವ ಗಾಯ ಮಾಯಬೇಕು ಅಲ್ಲಿ ಹದಿನೈದು ದಿನದಾಗ?"

ಫೋಟೋಗಳು ಬಂದವು. ತಾತ ಬಣ್ಣದ ಚೆಂಡು ಹಿಡಿದಿದ್ದಾರೆ. ತಾತನ ಮುಂದೆ ಇಡ್ಲಿ. ತಾತ ಕಿಟಕಿಯ ಪಕ್ಕ. ದಿನಕ್ಕೊಂದು ಶರಟು: ನೀಲಿ, ಬಿಳಿ, ಚೌಕಳಿ, ಹಸಿರು, ಕಂದು. ಅಜ್ಜಿ ಅವನ್ನು ದೊಡ್ಡದು ಮಾಡಿ ನೋಡಿ, "ಅಂಗೇ ಅವ್ರೆ ಬುಡು, ದಿನಾ ಬಟ್ಟೆ ಬದ್ಲಾಯಿಸ್ತವ್ರೆ" ಎಂದು ಸಮಾಧಾನ ಮಾಡಿಕೊಂಡಳು.

ಹನ್ನೊಂದನೇ ತಾರೀಕು ಶಿಫ್ಟ್ ಬೇಗ ಮುಗಿದು ಸಿದ್ದಕ್ಕ ನಾಲ್ಕೂವರೆಗೇ ಬಂದಳು. "ತೋರ್ಸು ಯಜ್ಜನ ಫೋಟೋ" ಎಂದು ನನ್ನ ಫೋನು ತೆಗೆದುಕೊಂಡಳು. ಒಂದು, ಎರಡು, ಐದು. ಮತ್ತೆ ಹಿಂದಕ್ಕೆ ಹೋದಳು. ಗದ್ದದ ಹತ್ತಿರ ಎರಡು ಬೆರಳಿಟ್ಟು ಹಿಗ್ಗಿಸಿದಳು.

"ಇದೇನಿದು?"

ತಾತನ ಗದ್ದದ ಎಡಕ್ಕೆ ಒಂದು ಚೂರು ಹತ್ತಿ ಅಂಟಿತ್ತು. ಗಡ್ಡ ಹೆರೆಯುವಾಗ ಕೊಯ್ದಿರಬೇಕು ಅಂದೆ.

"ಹೌದು, ಕೊಯ್ದೈತಿ. ಮುಂದಿಂದು ನೋಡು. ಅದ ಹತ್ತಿ. ಅದರ ಮುಂದಿಂದು. ಅದ ಹತ್ತಿ, ಅದ ಜಾಗಾ, ನಡುವ ಅದ ಕೆಂಪು ಚುಕ್ಕಿ. ಐದು ದಿನದ ಐದು ಅಂಗಿ, ಹತ್ತಿ ಮಾತ್ರ ಒಂದ." ಫೋನು ನನ್ನ ಕೈಗೆ ತುರುಕಿದಳು. "ಒಂದ ದಿನ ಕುಂದ್ರಿಸಿ, ಐದು ಅಂಗಿ ತೊಡಿಸಿ, ಐದು ಫೋಟೋ ತಗದಾರ. ಆಮ್ಯಾಲ ಆ ಮನಿಶಾನ ಎಲ್ಲಿ ಇಟ್ಟಾರ? ಚಪ್ಪಲಿ ಹಾಕ್ಕೋ ತಂಗಿ, ನಡಿ!"

ನಾನು ಸ್ಕೂಟಿ ತೆಗೆದೆ. ದಾರಿಯುದ್ದಕ್ಕೂ ಸಿದ್ದಕ್ಕ ನನ್ನ ಕಿವಿಯ ಹತ್ತಿರ ಕೂಗುತ್ತಲೇ ಇದ್ದಳು. "ಐದಕ್ಕ ಹೋಗಬೇಕು! ಹಗಲ ಪಾಳಿಯವ್ರು ಹೊಂಟು ನಿಂತಿರ್ತಾರ, ರಾತ್ರಿಯವ್ರು ಬಂದಿರಂಗಿಲ್ಲ! ಆ ಹೊತ್ತಿಗೆ ಮನಿ ಹೆಂಗೈತೋ ಹಂಗ ಕಾಣತೈತಿ!"

ಗೇಟಿನಲ್ಲಿ ಸೆಕ್ಯೂರಿಟಿಯವನು ಅಡ್ಡ ನಿಂತ. ಬ್ಯಾಡ್ಜಿನ ಮೇಲೆ ಯಮನೂರ ಎಂದಿತ್ತು.

"ಯಣ್ಣಾ, ಯಾವ ಕಡೆಯವ್ರಿ?" ಸಿದ್ದಕ್ಕ ಕೇಳಿದಳು.

"ಲಿಂಗಸುಗೂರು ಕಡೆ. ನೀವು?"

"ಕುಷ್ಟಗಿ. ಒಳಗ ನಮ್ಮ ಯಜ್ಜ ಅದಾನ."

"ಹದಿನೈದು ದಿನ ಯಾರನ್ನೂ ಬಿಡಬ್ಯಾಡ ಅಂದಾರ್ರಿ ಅಕ್ಕಾರ."

"ಆತು ಬಿಡು. ಒಂದು ಮಾತು ಹೇಳು. ನಿಮ್ಮಪ್ಪನ್ನ ಇಲ್ಲಿ ಇಡ್ತೀಯೇನು?"

"ನಮ್ಮಪ್ಪನ್ನ? ಇಲ್ಲಿ?" ಯಮನೂರ ಅವಳ ಮುಖವನ್ನೇ ನೋಡಿದ. "ಹುಚ್ಚು ಹಿಡದೈತೇನ್ರಿ ನನಗ?" ಆಮೇಲೆ ರಸ್ತೆಯ ಆ ಕಡೆ, ಈ ಕಡೆ ಕಣ್ಣಾಡಿಸಿ, "ನಾ ಚಾ ಕುಡದು ಬರ್ತೀನಿ" ಎಂದು ಗೇಟು ತೆರೆದಿಟ್ಟೇ ಹೋದ.

ಹೊರಗೆ ಇನ್ನೂ ಬಿಸಿಲಿತ್ತು. ವಾರ್ಡಿನಲ್ಲಿ ಪರದೆ ಎಳೆದು, ಲೈಟು ಆರಿಸಿ, ಆರೂ ಜನರನ್ನು ಮಲಗಿಸಿದ್ದರು. ಸಂಜೆ ಐದು ಗಂಟೆಗೆ! ಮೂಲೆಯ ಮಂಚದಲ್ಲಿ ತಾತ ಅಂಗಾತ ಬಿದ್ದಿದ್ದರು. ಬಲಗೈ ಮಣಿಕಟ್ಟಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿ ಅದನ್ನು ಮಂಚದ ಸರಳಿಗೆ ಗಂಟು ಹಾಕಿದ್ದರು. ತುಟಿ ಒಡೆದು ಬಿಳಿಯಾಗಿತ್ತು. "ತಾತಾ" ಎಂದೆ. ಕಣ್ಣು ತೆರೆದವು, ಯಾರನ್ನೂ ಗುರುತು ಹಿಡಿಯದೆ ಮತ್ತೆ ಮುಚ್ಚಿದವು. ವಾರದ ಹಿಂದೆ ನಮ್ಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಮನುಷ್ಯ.

ನಾನು ಗಂಟಿಗೆ ಕೈ ಹಾಕಿದೆ. ಸಿದ್ದಕ್ಕ ನನ್ನ ಕೈ ಹಿಡಿದಳು.

"ಮೊದ್ಲ ಫೋಟೋ ತಗಿ. ಬಿಚ್ಚಿದ ಮ್ಯಾಲ ನಾವು ಕಟ್ಟಿದ್ದಿಲ್ಲ ಅಂತಾರ."

ಫೋಟೋ ತೆಗೆದೆ. ಅವಳು ಗಂಟು ಬಿಚ್ಚಿದಳು. ಮಣಿಕಟ್ಟಿನ ಸುತ್ತ ಕೆಂಪು ಬಳೆಯ ಹಾಗೆ ಗುರುತು. ತಾತನ ಹಿಮ್ಮಡಿಯನ್ನು ಎತ್ತಿ ತೋರಿಸಿದಳು: ಬಾಟಲಿ ಮುಚ್ಚಳದಷ್ಟು ಅಗಲದ ನೇರಳೆ ಕಲೆ. "ಮಗ್ಗಲು ಬದಲಿಸಿಲ್ಲ. ಇನ್ನು ನಾಕು ದಿನ ಬಿಟ್ಟಿದ್ರ ಒಡೀತಿತ್ತು." ನಾನು ನೀರು ತರಲು ಬಾತ್‌ರೂಮಿಗೆ ಓಡಿದೆ. ನಲ್ಲಿ ತಿರುಗಿಸಿದರೆ ಹನಿ ಇಲ್ಲ. ಕೆಳಗಿನ ವಾಲ್ವ್ ಮುಚ್ಚಿ, ಯಾರೂ ತೆಗೆಯದ ಹಾಗೆ ತಂತಿ ಬಿಗಿದಿದ್ದರು. ನೀರಿನ ಜಗ್ಗು ಇದ್ದದ್ದು ಬಾಗಿಲಾಚೆ, ಯಾರ ಮಂಚಕ್ಕೂ ಎಟುಕದ ಮೇಜಿನ ಮೇಲೆ. ಲಾಬಿಯಲ್ಲಿ ಬುದ್ಧನ ತಲೆಯ ಮೇಲೆ ನೀರು ಸುರಿಯುತ್ತಲೇ ಇತ್ತು!

ತಾತನ ತಲೆಯ ಹಿಂದೆ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಕೆಂಪು ಇಂಕಿನಲ್ಲಿ ಗೆರೆ ಹೊಡೆದಿತ್ತು.

"ಏನು ಬರದಾರ ಅದ್ರಾಗ?"

ಓದಿದೆ. ಸದಾ ನಲ್ಲಿ ತಿರುಗಿಸುತ್ತಾರೆ, ಓಡಾಡುತ್ತಿರುತ್ತಾರೆ.

"ಯಾರು ಬರದದ್ದು?"

"ನಾನೇ ಅಕ್ಕ. ಫಾರ್ಮಲ್ಲಿ."

"ಯಜ್ಜ ಊರಿಗೆ ನೀರು ಬಿಡ್ತಿದ್ರು ಅಂತ ಬರೀಲಿಲ್ಲೇನು?"

"ಅದಕ್ಕೆ ಜಾಗ ಇರ್ಲಿಲ್ಲ."

"ಜಾಗ ಇರಲಿಲ್ಲ!" ಅವಳು ಅದನ್ನು ಹೇಳಿದ್ದು ನನಗಲ್ಲ, ಆ ಹಾಳೆಗೆ. "ಆರು ಹಾಳಿ ಅದಾವ, ಒಬ್ಬ ಮನಿಶಾ ಏನು ಮಾಡ್ತಿದ್ದ ಅಂತ ಕೇಳಾಕ ಜಾಗ ಇಲ್ಲ!"

ಅವಳು ತಾತನನ್ನು ದಿಂಬಿಗೆ ಒರಗಿಸಿ ಕೂರಿಸಿದಳು. ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು. ನಾನು ಲೋಟ ಹಿಡಿದು ಮುಂದೆ ಬಂದರೆ, "ತಡಿ, ನಿದ್ದಿಗಣ್ಣಾಗ ಹಾಕಬ್ಯಾಡ, ನೆತ್ತಿಗೆ ಏರತೈತಿ" ಎಂದು ಅವರ ಕೆನ್ನೆ ಸವರುತ್ತ, "ಯಜ್ಜಾ, ಓ ಯಜ್ಜಾ, ಕೆಳಗಿನ ಓಣಿಗೆ ನೀರು ಬಂದಿಲ್ಲಂತ" ಎಂದು ಮಾತಾಡಿಸಿದಳು. ತಾತನ ಹುಬ್ಬು ಗಂಟಿಕ್ಕಿತು. ಕಣ್ಣು ಪೂರ್ತಿ ತೆರೆದವು. ಆಮೇಲೆ ಒಂದೊಂದೇ ಚಮಚ. ಪಕ್ಕದ ಮಂಚದಿಂದ ಒಂದು ಕೈ ಮೇಲೆದ್ದಿತು. ಅದೂ ಕಟ್ಟಿದ್ದರಿಂದ ಅರ್ಧಕ್ಕೇ ನಿಂತಿತು. "ನನಗೂ" ಎಂದಿತು ಒಣ ಧ್ವನಿ. ಅವರು ಮುರಿಗೆಪ್ಪ, ಹುಬ್ಬಳ್ಳಿಯ ನಿವೃತ್ತ ಹೆಡ್‌ಮಾಸ್ಟರು ಎಂದು ಆಮೇಲೆ ತಿಳಿಯಿತು. ಸಿದ್ದಕ್ಕ ಅವರಿಗೂ ಕೊಟ್ಟಳು. ಮಿಕ್ಕ ನಾಲ್ವರಿಗೂ ಕೊಟ್ಟಳು.

ಅಷ್ಟರಲ್ಲಿ ಶೈಲಾ ಮೇಡಂ ಬಂದರು. ನಾನು ಫೋನ್ ಮಾಡಿದ್ದರಿಂದ ಅಪ್ಪನೂ ಹದಿನೈದು ನಿಮಿಷದಲ್ಲಿ ಲೇತಿನ ಎಣ್ಣೆ ಮೆತ್ತಿದ ಕೈಯಲ್ಲೇ ಬಂದರು.

"ಸಾರ್, ಇದು ಟ್ರೆಸ್‌ಪಾಸಿಂಗ್. ಈ ಲೇಡಿ ಯಾರು ಅಂತ ಈಗ ಗೊತ್ತಾಯ್ತು ನಂಗೆ. ಏಜೆನ್ಸಿಯವ್ರು ಇವ್ರನ್ನ ಬ್ಲ್ಯಾಕ್‌ಲಿಸ್ಟ್ ಮಾಡಿದಾರೆ. ಇವ್ರ ಮಾತು ಕಟ್ಕೊಂಡು..."

"ಯಾಕ್ರೀ ಕಟ್ಟಿದೀರಾ ನಮ್ಮಪ್ಪನ್ನ?"

"ಸೇಫ್ಟಿಗೆ ಸಾರ್. ಬಿದ್ದು ಸೊಂಟ ಮುರ್ಕೊಂಡ್ರೆ ನೀವೇ ಬಂದು ಕೇಳ್ತೀರಾ. ನಿಮ್ ಮಗಳೇ ಬರ್ದಿದಾಳಲ್ಲ, ಓಡಾಡ್ತಾರೆ ಅಂತ."

ಅಪ್ಪ ನನ್ನ ಕಡೆ ತಿರುಗಿದರು. ಉತ್ತರ ಕೊಟ್ಟದ್ದು ಸಿದ್ದಕ್ಕ.

"ಓಡಾಡ್ತಾರ ಅಂತ ಬರದಾಳ್ರಿ ಹುಡುಗಿ, ಕಟ್ಟಿ ಹಾಕ್ರಿ ಅಂತ ಬರದಿಲ್ಲ. ಸೇಫ್ಟಿಗೆ ಕಟ್ಟೀರಿ? ಆತು. ಎಷ್ಟೊತ್ತಿಗೆ ಕಟ್ಟಿದ್ರಿ, ಎಷ್ಟೊತ್ತಿಗೆ ಬಿಚ್ಚಿದ್ರಿ, ಎಲ್ಲಿ ಬರದೀರಿ ತೋರಸ್ರಿ. ಯಾವ ಗುಳಿಗಿ ಕೊಟ್ಟೀರಿ? ಯಾವ ಡಾಕ್ಟರ್ ಸೈನ್ ಮಾಡ್ಯಾರ? ಮನ್ಯಾಗ ಯಾರಿಗೆ ಹೇಳೀರಿ?"

"ನಿಂಗ್ಯಾಕೆ ಅದೆಲ್ಲ ಹೇಳ್ಬೇಕು? ನೀನ್ಯಾರು?"

"ನಂಗೆ ಹೇಳಿ" ಎಂದರು ಅಪ್ಪ.

ಶೈಲಾ ಮೇಡಂ ಫೈಲು ತರಿಸುತ್ತೇನೆ ಎಂದರು. ಫೈಲು ಬರಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿದರು. ಡಾಕ್ಟರು ಎತ್ತಲಿಲ್ಲ. "ಎಲ್ಲಾ ವಾರ್ಡ್ ಹಿಡದು ರಾತ್ರಿ ಹದಿನಾಲ್ಕು ಜನಕ್ಕೆ ಎಷ್ಟು ಮಂದಿ ಇರ್ತಾರ್ರಿ?" ಎಂದು ಸಿದ್ದಕ್ಕ ಕೇಳಿದಾಗ "ಸಫಿಷಿಯಂಟ್ ಸ್ಟಾಫ್ ಇದಾರೆ" ಎಂದರು. ರಾತ್ರಿ ಪಾಳಿಗೆ ಆಗಷ್ಟೇ ಬಂದು ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದ ಆರೈಕೆಯ ಹೆಂಗಸು, ಯಾರೂ ಕೇಳದೆಯೇ, "ಒಬ್ಳೇ ಸಾರ್. ರಾತ್ರಿ ನಾನೊಬ್ಳೇ" ಎಂದಳು. ಬರುತ್ತಲೇ ಸೋತುಹೋಗಿದ್ದಳು ಅವಳು. ಹಿಂದಿನ ರಾತ್ರಿ ಆ ಗಂಟು ಹಾಕಿದ್ದು ಅವಳೇ ಇರಬಹುದು. ಆದರೆ ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಹದಿನಾಲ್ಕು ಜನರನ್ನು ಒಬ್ಬಳ ಕೈಗೆ ಕೊಟ್ಟು, ಗೋಡೆಗೆ 'ಪ್ರೀತಿಯೇ ನಮ್ಮ ಔಷಧ' ಎಂದು ಹಿತ್ತಾಳೆ ಅಕ್ಷರದಲ್ಲಿ ಬರೆಸಿದವರ ಮೇಲೆ ಬಂತು.

ಅಪ್ಪ ಇನ್ನೂ ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಕೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಮಂಚದ ಹತ್ತಿರ ಹೋಗಿ ಬಗ್ಗಿದರು.

"ಸಿದ್ದಕ್ಕ, ಎಲ್ಲಿ ಹಿಡ್ಕೋಬೇಕು ಹೇಳಿ."

"ಕಂಕುಳಾಗ ಕೈ ಹಾಕಿ ಜಗ್ಗಬ್ಯಾಡ್ರಿ ಅಣ್ಣಾರ. ಬೆನ್ನಿಗೆ ಒಂದು ಕೈ, ತೊಡಿ ಕೆಳಗ ಒಂದು ಕೈ. ಹಾಂ. ಈಗ ಮೆತ್ತಗ."

ಅವತ್ತು ಸಂಜೆ ಮನೆಗೆ ಕರೆತಂದ ತಾತನ ಮಣಿಕಟ್ಟು ಕಂಡಾಗ ಅಜ್ಜಿ ಆಡಿದ ಮಾತುಗಳನ್ನು ಬರೆದರೆ ಯಾರೂ ಅಚ್ಚು ಹಾಕುವುದಿಲ್ಲ. ಕೊನೆಗೆ, "ನನ್ ಮಂಡಿ ಓದ್ರೆ ಓಗ್ಲಿ, ಆಪರೇಸನ್ನೂ ಬೇಡ, ಏನೂ ಬೇಡ, ನಮ್ ಯಜಮಾನ್ರು ಎಲ್ಗೂ ಓಗಲ್ಲ" ಎಂದು ಆಸ್ಪತ್ರೆಯ ಚೀಟಿಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟಳು. ಮರುದಿನವೇ ತಾತನನ್ನು ಬಾತ್‌ರೂಮಿಗೆ ಎತ್ತಲು ಹೋಗಿ, ಇಬ್ಬರೂ ಗೋಡೆ ಹಿಡಿದು ನಿಂತುಬಿಟ್ಟರು. ಅಜ್ಜಿ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ.

ಸಿದ್ದಕ್ಕ ಯಾರಿಗೂ ಹೇಳದೆ ಫ್ಯಾಕ್ಟರಿಗೆ ರಜೆ ಹಾಕಿ ಚಿಕ್ಕಬಾಣಾವರಕ್ಕೆ ಹೋಗಿದ್ದಳು. ಚನ್ನಕ್ಕನ ಎದುರು ನಿಂತು, "ಮಧ್ಯಾಹ್ನದ ಪಾಳಿಗೆ ಮಂದಿ ಇಲ್ಲ ಅಂದಿದ್ರಿ. ನಾ ಅದೀನಿ. ನನ್ನ ತಗೋರಿ, ಯಜ್ಜನ್ನೂ ತಗೋರಿ" ಎಂದಳಂತೆ.

"ನಿನ್ನ ಹೆಸರು ಕೇಳೀನಿ. ಬಾಯಿ ಜಾಸ್ತಿ ಅಂತಲ್ಲ?" ಎಂದರಂತೆ ಚನ್ನಕ್ಕ.

"ಹೌದ್ರಿ."

"ಇಲ್ಲೂ ಹಂಗ ಇರಬೇಕು ಮತ್ತ. ನನಗೂ ಅನ್ನಬೇಕು."

ಹದಿನೇಳಕ್ಕೆ ತಾತ ಅಲ್ಲಿಗೆ ಹೋದರು, ಹದಿನೆಂಟಕ್ಕೆ ಅಜ್ಜಿಯ ಆಪರೇಷನ್ ಆಯಿತು.

ಗೋಲ್ಡನ್ ಪೆಟಲ್ಸ್ ಇನ್ನೂ ನಡೆಯುತ್ತಿದೆ. ಫೋಟೋಗಳನ್ನು ಸೇರಿಸಿ ಹಿರಿಯ ನಾಗರಿಕರ ಇಲಾಖೆಗೆ ದೂರು ಕೊಟ್ಟಿದ್ದೇವೆ. 'ಪರಿಶೀಲನೆಯಲ್ಲಿದೆ' ಎಂಬ ಒಂದು ಸಾಲು ಬಂದಿದೆ. ನಾನು ಬರೆದ ರಿವ್ಯೂ ಎರಡೇ ದಿನದಲ್ಲಿ ಮಾಯವಾಯಿತು, ರೇಟಿಂಗ್ ಹಾಗೇ ಇದೆ. ಮುರಿಗೆಪ್ಪ ಮೇಷ್ಟ್ರ ಮಗಳ ನಂಬರನ್ನು ಯಮನೂರ ಕೊಟ್ಟ. ಫೋನ್ ಮಾಡಿದರೆ "ದಿನಾ ಫೋಟೋ ಬರ್ತಾವಲ್ರಿ, ಆರಾಮ ಅದಾರ" ಎಂದರು ಪಾಪ. ಸಿದ್ದಕ್ಕ ಹತ್ತು ನಿಮಿಷ ಅವರ ಜೊತೆ ಮಾತಾಡಿದಳು. ಮಾರನೇ ಬೆಳಗ್ಗೆ ಆ ಮಗಳು ಹುಬ್ಬಳ್ಳಿಯಿಂದ ರೈಲು ಹತ್ತಿದರು. ಆದರೆ ಮಿಕ್ಕ ಹನ್ನೆರಡು ಜನ? ಅವರ ಮನೆಯವರ ನಂಬರು ಯಮನೂರನ ಹತ್ತಿರವೂ ಇಲ್ಲ. ಅವರ ಮನೆಗಳಿಗೂ ದಿನಕ್ಕೊಂದು ಫೋಟೋ ಹೋಗುತ್ತಿರಬೇಕು.

ತಾತ ಚನ್ನಕ್ಕನಲ್ಲಿಗೆ ಹೋದ ಮೂರನೇ ವಾರ, ಕಾಲೇಜು ಮುಗಿಸಿ, ಯಾರಿಗೂ ಹೇಳದೆ, ಸರಿಯಾಗಿ ಸಂಜೆಯ ತಿಂಡಿಯ ಹೊತ್ತಿಗೆ ಹೋದೆ. ಸಿದ್ದಕ್ಕ ಒಬ್ಬ ಅಜ್ಜಿಗೆ ಅವಲಕ್ಕಿ ತಿನ್ನಿಸುತ್ತಿದ್ದಳು. ಅವಳನ್ನು ಕಂಡದ್ದೇ ನನಗೆ ಎಷ್ಟು ಖುಷಿಯಾಯಿತೆಂದರೆ ಪಕ್ಕದಲ್ಲೇ ಕೂತು ಕಾಲೇಜಿನ ಸುದ್ದಿ ಶುರು ಮಾಡಿದೆ. ಅವಳು ಚಮಚ ಕೆಳಗಿಟ್ಟಳು.

"ಏ, ನನ್ನ ಮಾರಿ ನೋಡಾಕ ಬಂದೀಯೇನು? ಎದ್ದು ಹೋಗು, ಯಜ್ಜನ್ನ ನೋಡು. ಅಂಗಿ ಎತ್ತಿ ಬೆನ್ನು ನೋಡು, ತೊಡಿ ಸಂದಿ ನೋಡು."

"ನೀನೇ ಇದೀಯಲ್ಲಕ್ಕ, ಇನ್ನೇನು ನೋಡೋದು?"

"ನಾನ ಅದೀನಿ ಅಂತನ ನೋಡು! ಇವತ್ತ ಒಬ್ಬಾಕಿ ಜ್ವರ ಅಂತ ಬಂದಿಲ್ಲ. ಒಂಬತ್ತು ಮಂದಿಗೆ ಇಬ್ರು ಅದೀವಿ. ಮಧ್ಯಾಹ್ನದಿಂದ ಕುಂತಿಲ್ಲ ನಾನು. ದಣದಾಗ ಏನು ಬಿಟ್ಟೀನಿ ಅನ್ನೂದು ನನಗ ಹೆಂಗ ಗೊತ್ತಾಗಬೇಕು? ನಮ್ಮಾಕಿ ಅಂತ ಸುಮ್ನ ಕುಂತ್ರ ನೀನೂ ಆ ಫೋಟೋ ನೋಡೋ ಮಂದಿ ಹಂಗ ಆದಿ."

ಎದ್ದು ಹೋದೆ. ತಾತ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ನಾನು ಯಾರೆಂದು ಕೇಳಲಿಲ್ಲ, ಸುಮ್ಮನೆ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಅಂಗಿ ಎತ್ತಿದೆ. ಬೆನ್ನು ಒಣಗಿತ್ತು, ಸ್ವಚ್ಛವಾಗಿತ್ತು. ಹಿಮ್ಮಡಿಯ ಕಲೆ ಹೆಚ್ಚುಕಡಿಮೆ ಮಾಸಿತ್ತು. ಬಾಯಿ ತೆರೆಸಿ ನೋಡಿದೆ, ಕಂಕುಳು ನೋಡಿದೆ, ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ.

"ಅಕ್ಕಾ" ಎಂದು ಅಲ್ಲಿಂದಲೇ ಕೂಗಿದೆ. "ಎಡಗಾಲಿನ ಹೆಬ್ಬೆರಳ ಉಗುರು ಬೆಳ್ದು ಪಕ್ಕದ ಬೆರಳಿಗೆ ಚುಚ್ತಿದೆ."

ಒಳಗಿನಿಂದ ಸಿದ್ದಕ್ಕನ ಧ್ವನಿ ಇಡೀ ಹಿತ್ತಿಲಿಗೆ ಕೇಳಿಸಿತು.

"ಹಾಂ! ನೋಡಿದ್ಯಾ? ಬಿಟ್ಟಿದ್ದೆ ನಾನು! ಚನ್ನಕ್ಕಾರ, ಪಾಳಿ ಪುಸ್ತಕದಾಗ ನನ್ನ ಹೆಸರಿಗೆ ಬರ್ಕೋರಿ ಅದನ್ನ. ಬಿಸಿನೀರು ತಗೊಂಡು ಬಂದೆ ತಡಿ, ತಂಗಿ, ನೆನಸಿ ತಗೀಬೇಕು ಅದನ್ನ. ಅಲ್ಲೀತನಕ ಉಳಿದ ಎಂಟು ಮಂದೀದೂ ಉಗುರು ನೋಡು!"